ಕೆರೆಗೆ ಹೆಪ್ಪು ಹಾಕಿದವರು ಯಾರು?

ಅಮ್ಮ ದಡದಲ್ಲೇ ನಿಂತುಬಿಟ್ಟಳು. ಎದುರಿಗೆ ಬೆಳ್ಳಗೆ, ಸಪಾಟಾಗಿ ಹರಡಿಕೊಂಡ ಕೆರೆ. ಅದರ ಮೇಲೆ ಅಲ್ಲಲ್ಲಿ ಕೆಂಪು, ನೀಲಿ, ಕಪ್ಪು ಗುಡಾರಗಳು. ಯಾರೋ ಒಬ್ಬಾತ ನಾಯಿಯನ್ನು ಕರೆದುಕೊಂಡು ಕೆರೆಯ ನಡುಮಧ್ಯದಲ್ಲಿ ವಾಕಿಂಗ್ ಹೊರಟಿದ್ದ. ಅಣ್ಣ ಸಾಮಾನು ತುಂಬಿದ ಜಾರುಬಂಡಿಯನ್ನು ಎಳೆದುಕೊಂಡು ಆಗಲೇ ಹತ್ತು ಹೆಜ್ಜೆ ಮುಂದೆ ಹೋಗಿದ್ದ. ಅವನ ಎಂಟು ವರ್ಷದ ಮಗಳು ಅವನಿಗಿಂತಲೂ ಮುಂದಿದ್ದಳು.

"ಎಂಥ ಮಾರಾಯ ಇದು," ಅಂದಳು ಅಮ್ಮ. "ಈ ಕೆರೆಗೆ ಹೆಪ್ಪು ಹಾಕಿದವರು ಯಾರು?"

ನಾನು ಭಾಷಾಂತರ ಮಾಡಿ ಹೊಟ್ಟೆ ಹೊರೆಯುವವಳು. ಹಿಮ, ಮಂಜು, ಮಂಜುಗಡ್ಡೆ, ಹಿಮಗಡ್ಡೆ ಎಂದು ನಿಘಂಟಿನ ಪದಗಳನ್ನು ಆಯ್ದು ಆಯ್ದು ಸುಸ್ತಾದವಳು. ನಮ್ಮೂರಲ್ಲಿ ಮಂಜು ಅಂದರೆ ಬೆಳಗಿನ ಜಾವ ಅಡಕೆ ತೋಟದ ಮೇಲೆ ಕೂತಿರುವ ಹೊಗೆಯಂಥದ್ದು, ಕಾಲಡಿಗೆ ಸಿಗುವಂಥದ್ದಲ್ಲ. ಅಮ್ಮನಿಗೆ ಆ ತೊಂದರೆಯೇ ಬರಲಿಲ್ಲ. ನೀರಾಗಿದ್ದದ್ದು ಗಟ್ಟಿಯಾಗಿದೆ ಅಂದರೆ ಯಾರೋ ಹೆಪ್ಪು ಹಾಕಿದ್ದಾರೆ, ಅಷ್ಟೆ. ಮುಂದಿನ ಪ್ರಶ್ನೆ, ಮೊಸರು ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದು. ಅದನ್ನು ಪರೀಕ್ಷೆ ಮಾಡದೆ ಅವಳು ಪಾತ್ರೆ ಅಲುಗಾಡಿಸುವವಳಲ್ಲ.

ಇದು ಹೋದ ಜನವರಿಯ ಮಾತು. ಊರು ಪ್ಲಿಮತ್, ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಪಕ್ಕದ್ದು. ಕೆರೆಯ ಹೆಸರು ಮೆಡಿಸಿನ್ ಲೇಕ್. ಆ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ '10,000 ಕೆರೆಗಳು' ಎಂದು ಬರೆದಿರುತ್ತದೆ. ಮಿನೆಸೋಟ ಎಂಬ ಹೆಸರು ಡಕೋಟ ಜನರ ಭಾಷೆಯಿಂದ ಬಂದದ್ದು. ಅದರ ಮೊದಲ ತುಂಡು 'ಮ್ನಿ' ಅಂದರೆ ನೀರು. ನಮ್ಮ ಕಡೆ ಎಷ್ಟೋ ಊರುಗಳ ಹೆಸರು ಕೆರೆ, ಹೊಳೆ, ಹಳ್ಳದಲ್ಲಿ ಮುಗಿಯುವ ಹಾಗೆ ಅಲ್ಲಿ ಮಿನಿಯಾಪೊಲಿಸ್, ಮಿನೆಟೊಂಕ ಎಂದು ಹೆಸರುಗಳೇ ನೀರಿನಿಂದ ಶುರುವಾಗುತ್ತವೆ. ಚಳಿಗಾಲದ ಮೂರು ನಾಲ್ಕು ತಿಂಗಳು ಮಾತ್ರ ಆ ನೀರು ಕಣ್ಣಿಗೆ ಕಾಣುವುದಿಲ್ಲ.

*

ಅಮ್ಮ ಯಾಕೆ ಅಲ್ಲಿದ್ದಳು ಎಂಬುದನ್ನು ಮೊದಲು ಹೇಳಬೇಕು.

ಅಣ್ಣ 2009ರಲ್ಲಿ ಅಮೆರಿಕಕ್ಕೆ ಹೋದ. ನಾನು ಎಂ.ಎ. ಮುಗಿಸಿ, ಕೆಲಸ ಹುಡುಕಿಕೊಂಡು ಪುಣೆ ಸೇರಿದೆ. ಹೊಸನಗರ ಸೀಮೆಯ ಹಳ್ಳಿಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದರು. 2021ರ ಮೇ ತಿಂಗಳಲ್ಲಿ ಅಪ್ಪ ಹೋದರು. ಪುಣೆಯಿಂದ ಪಾಸ್ ಮಾಡಿಸಿಕೊಂಡು, ಕಾರಿನಲ್ಲಿ ಹದಿನೈದು ಗಂಟೆ ಕೂತು ನಾನು ಮನೆ ಮುಟ್ಟಿದೆ. ಅಣ್ಣ ಬರಲಿಲ್ಲ. ಭಾರತದಿಂದ ಅಮೆರಿಕಕ್ಕೆ ಹೋಗುವವರಿಗೆ ಆ ತಿಂಗಳಷ್ಟೇ ನಿರ್ಬಂಧ ಹಾಕಿದ್ದರು. ಅವನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಬಂದರೆ ವಾಪಸ್ ಯಾವಾಗ ಹೋಗುತ್ತೇನೋ ಗೊತ್ತಿಲ್ಲ, ಅಲ್ಲಿ ನಾಲ್ಕು ವರ್ಷದ ಮಗು ಇದೆ ಅಂದ. ಎಲ್ಲವೂ ನಿಜವೇ. ನಮ್ಮ ಮನೆಯ ಹತ್ತಿರ ಮೊಬೈಲ್ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಅಲ್ಲಿಂದ ಚಿತೆ ಕಾಣುವ ಹಾಗೆ ನಾನು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ದೊಡ್ಡಪ್ಪನ ಮಗ ಬೆಂಕಿ ಕೊಟ್ಟ. ಕೈ ನೋಯುತ್ತಿತ್ತು. ಆ ನೋವನ್ನು ನಾನು ಅಣ್ಣನ ಲೆಕ್ಕಕ್ಕೆ ಬರೆದಿಟ್ಟುಕೊಂಡೆ. ಆಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆವು, ಅಮ್ಮನ ಬಿಪಿ ಮಾತ್ರೆಯ ಬಗ್ಗೆ, ಅಡಕೆ ರೇಟಿನ ಬಗ್ಗೆ. ಆ ದಿನದ ಬಗ್ಗೆ ಯಾವತ್ತೂ ಮಾತಾಡಲಿಲ್ಲ.

ನಾಲ್ಕು ವರ್ಷ ಅಮ್ಮ ಒಬ್ಬಳೇ ಇದ್ದಳು. ಹೋದ ಡಿಸೆಂಬರ್‌ನಲ್ಲಿ ಅಣ್ಣ ಅವಳನ್ನು ಕರೆಸಿಕೊಂಡ. ಒಬ್ಬಳೇ ಅಷ್ಟು ದೂರ ಬರುವುದಿಲ್ಲ ಎಂದದ್ದಕ್ಕೆ ನನ್ನ ಟಿಕೆಟನ್ನೂ ಅವನೇ ತೆಗೆಸಿದ. ಹೇಳಿದ್ದು ಮೊಮ್ಮಗಳನ್ನು ನೋಡಲಿಕ್ಕೆ ಎಂದು. ಆದರೆ ಅಮ್ಮ ಇನ್ನು ಇಲ್ಲೇ ಇದ್ದುಬಿಡಲಿ ಎಂಬುದು ಅವನ ಆಸೆ ಎಂದು ಮೂವರಿಗೂ ಗೊತ್ತಿತ್ತು. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರು ವಾರ ಕಿಟಕಿ ಪಕ್ಕ ಕೂತು ಹೊರಗಿನ ಬಿಳಿಯನ್ನು ನೋಡಿದಳು. ಬಿಸಿಲಿದ್ದರೂ ಹೊರಗೆ ಹೋಗಲಿಕ್ಕಾಗದ ಊರು ಅವಳಿಗೆ ಅರ್ಥವಾಗಲಿಲ್ಲ. ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಅಣ್ಣ, "ನಾಳೆ ಎಲ್ಲರೂ ಮೀನು ಹಿಡೀಲಿಕ್ಕೆ ಹೋಗೋಣ," ಅಂದ.

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೀಟರ್ ತಗೊಂಡು ಹೋಗೋದಾದ್ರೆ ನಾನೂ ಬರ್ತೀನಿ," ಅಂದಳು.

ಆ ಮಾತಿನ ಹಿಂದೆ ಒಂದು ಕತೆ ಇತ್ತು. ಎರಡು ಚಳಿಗಾಲದ ಹಿಂದೆ ಅಣ್ಣ ಹೊಸದಾಗಿ ಈ ಹುಚ್ಚು ಹಿಡಿಸಿಕೊಂಡಾಗ ಹೆಂಡತಿ ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿದ್ದನಂತೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಗುಡಾರ ಇಲ್ಲ. ಒಳ್ಳೆಯ ಜಾಗ ಎಂದು ಮುಕ್ಕಾಲು ಕಿಲೋಮೀಟರ್ ನಡೆಸಿದ್ದ. ಹೋದವನೇ ತನ್ನ ಗಾಳ ಇಳಿಸಿಕೊಂಡು ಕೂತ. ಮಗುವಿನ ಗಾಳಕ್ಕೆ ಗಂಟು ಬಿದ್ದರೆ, "ಒಂದು ನಿಮಿಷ, ಮೀನು ಬರ್ತಾ ಇದೆ," ಅಂದ. ಅವನಿಗೆ ಹನ್ನೆರಡು ಮೀನು ಸಿಕ್ಕವು. ಮಗಳು ಕಾಲ್ಬೆರಳು ನೋವೆಂದು ಅತ್ತಳು. ಅತ್ತಿಗೆ ಅವಳನ್ನು ಎತ್ತಿಕೊಂಡು ಕಾರಿನವರೆಗೆ ನಡೆದಳು. ಆಮೇಲೆ ಎರಡು ವರ್ಷ ಆ ಮನೆಯಲ್ಲಿ ಅವನ ಜೊತೆ ಯಾರೂ ಕೆರೆಗೆ ಹೋಗಲಿಲ್ಲ.

ಪಕ್ಕದ ಮನೆಯ ಅಜ್ಜನಿಗೆ ಇದನ್ನು ಹೇಳಿದಾಗ ಅವರು ನಕ್ಕು, ಹೊಸಬರನ್ನು ಕರೆದುಕೊಂಡು ಹೋಗುವ ದಿನ ನೀನು ಮೀನು ಹಿಡಿಯಲು ಹೋಗಿರುವುದಿಲ್ಲ, ಅದು ಬೇರೆ ಕೆಲಸ ಅಂದರಂತೆ. ಚಳಿ ಕಡಿಮೆ ಇರುವ ದಿನ ನೋಡು. ಕಾರಿನಿಂದ ಐದು ನಿಮಿಷಕ್ಕಿಂತ ದೂರ ಹೋಗಬೇಡ. ಹತ್ತಿರ ಟಾಯ್ಲೆಟ್ ಇರಲಿ. ಬಿಸಿ ತಿಂಡಿ ಇರಲಿ. ದೊಡ್ಡ ಮೀನಿನ ಆಸೆ ಬಿಟ್ಟು ಪ್ಯಾನ್‌ಫಿಶ್ ಸಿಗುವ ಕಡೆ ಹೋಗು. ಯಾರಾದರೂ ಸಾಕು ಅಂದ ಕೂಡಲೇ ಎದ್ದು ಬಾ. ಎರಡನೆಯ ಸಲ ಕರೆದಾಗ ಬರುತ್ತಾರಲ್ಲ, ಆಗ ನೀನು ಗೆದ್ದೆ.

*

ಪ್ಯಾನ್‌ಫಿಶ್ ಎಂಬುದು ಒಂದು ಜಾತಿಯ ಮೀನಿನ ಹೆಸರಲ್ಲ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಸಣ್ಣ ಮೀನುಗಳಿಗೆಲ್ಲ ಅಲ್ಲಿನವರು ಇಟ್ಟ ಹೆಸರು. ಕಿವಿರಿನ ತುದಿಯಲ್ಲಿ ಕಪ್ಪು ಮಚ್ಚೆಯ ಬ್ಲೂಗಿಲ್, ಬೆಳ್ಳಿಯ ಮೇಲೆ ಮಸಿ ಚೆಲ್ಲಿದಂತಿರುವ ಕ್ರಾಪಿ, ಹಳದಿ ಪಟ್ಟೆಯ ಪರ್ಚ್. ಈ ಪದವನ್ನು ಕನ್ನಡಕ್ಕೆ ಹೇಗೆ ತರುವುದು ಎಂದು ಕಾರಿನಲ್ಲಿ ಕೂತು ಯೋಚಿಸುತ್ತಿದ್ದೆ. ಅಮ್ಮನಿಗೆ ವಿವರಿಸಿದೆ. "ಓ, ಕಾವಲಿ ಮೀನು," ಅಂದಳು. ಅಲ್ಲಿಗೆ ಮುಗಿಯಿತು.

ಇವು ಗುಂಪಿನಲ್ಲಿ ಓಡಾಡುವ ಮೀನುಗಳು. ಚಳಿಗಾಲದಲ್ಲೂ ಮೇಯುತ್ತವೆ. ಒಂದು ಸಿಕ್ಕ ತೂತಿನಲ್ಲಿ ಇನ್ನೊಂದು ಸಿಗುತ್ತದೆ. ಕಾಯುವ ಅಭ್ಯಾಸ ಇಲ್ಲದ ಮಕ್ಕಳಿಗೂ, ಹೊಸಬರಿಗೂ ಅದಕ್ಕೇ ಇವು ಸರಿ. ಲೈಸೆನ್ಸ್ ಬೇಕು. ಹದಿನಾರು ತುಂಬದ ಅಲ್ಲಿನ ಮಕ್ಕಳಿಗೆ ಬೇಡ, ನಮ್ಮಂಥ ಹೊರಗಿನವರಿಗೆ ಒಂದು ದಿನದ್ದೋ ಮೂರು ದಿನದ್ದೋ ಸಿಗುತ್ತದೆ. ಅಣ್ಣ ನಮ್ಮಿಬ್ಬರಿಗೂ 24 ಗಂಟೆಯದನ್ನು ತೆಗೆದು ಪ್ರಿಂಟ್ ಮಾಡಿಕೊಟ್ಟ. ನಮ್ಮ ಮನೆಯಲ್ಲಿ ಲೈಸೆನ್ಸ್ ಅಂದರೆ ಅಪ್ಪನ ಕೋವಿಯದು ಒಂದೇ. ಅಮ್ಮ ತನ್ನ ಹೆಸರಿನ ಕಾಗದವನ್ನು ಎರಡು ಸಲ ಓದಿಸಿಕೊಂಡು ಪರ್ಸಿನ ಒಳಜೇಬಿಗೆ ಇಟ್ಟಳು.

ಮತ್ತೆ ದಡಕ್ಕೆ ಬರೋಣ. ಅಮ್ಮ ಕಾಲಿಡಲಿಲ್ಲ.

ಅಣ್ಣ ಮೊದಲು ಬಾಯಿಮಾತಿನಲ್ಲಿ ಧೈರ್ಯ ಹೇಳಿದ. ಏನೂ ಆಗಲ್ಲಮ್ಮ, ನೋಡು ಎಷ್ಟು ಜನ ಇದ್ದಾರೆ. ಅಮ್ಮ, "ಜನ ಇದ್ದಷ್ಟೂ ಭಾರ ಹೆಚ್ಚಲ್ವನಾ," ಅಂದಳು. ಅದಕ್ಕೆ ಉತ್ತರ ಇರಲಿಲ್ಲ. ಅವನು ಜಾರುಬಂಡಿಯಿಂದ ಆಗರ್ ತೆಗೆದ. ಆಳುದ್ದದ ತಿರುಪು, ಮೇಲ್ಗಡೆ ಬ್ಯಾಟರಿ ಮೋಟರು. ದಡದಿಂದ ನಾಲ್ಕು ಮಾರು ದೂರದಲ್ಲಿ, ಅಮ್ಮನ ಕಣ್ಣೆದುರೇ, ಎಂಟು ಇಂಚು ಅಗಲದ ತೂತು ಕೊರೆದ. ತೆಂಗಿನಕಾಯಿ ತುರಿಯಂಥ ಪುಡಿ ಸುತ್ತಲೂ ಬಿತ್ತು. ಕೊನೆಗೆ ಗುಳುಕ್ ಎಂದು ನೀರು ಉಕ್ಕಿತು. ತುದಿಯಲ್ಲಿ ಕೊಕ್ಕೆ ಇರುವ ಅಳತೆಕೋಲನ್ನು ಇಳಿಸಿ, ಗಡ್ಡೆಯ ಅಡಿಗೆ ಕೊಕ್ಕೆ ತಾಗಿಸಿ, ಮೇಲಿನ ಗುರುತಿನ ಮೇಲೆ ಬೆರಳಿಟ್ಟು, ಕೋಲನ್ನು ಹಾಗೇ ದಡಕ್ಕೆ ತಂದುಕೊಟ್ಟ. ಅಮ್ಮ ಒಂದು ಗ್ಲೌಸ್ ಕಳಚಿ ತನ್ನ ಕೈಯಿಂದಲೇ ಅಳೆದಳು. ಒಂದು ಗೇಣು, ಮೇಲೆ ಎರಡು ಬೆರಳು. ಕೋಲಿನ ಲೆಕ್ಕದಲ್ಲಿ 10 ಇಂಚು.

"ಎಷ್ಟಿದ್ರೆ ಸಾಕು?"

ಅಣ್ಣ ಹೇಳಿದ. ಹೊಸದಾಗಿ ಕಟ್ಟಿದ, ಗಾಜಿನ ಹಾಗೆ ಪಾರದರ್ಶಕವಾದ ಗಡ್ಡೆ ನಾಲ್ಕು ಇಂಚು ಇದ್ದರೆ ಮನುಷ್ಯರು ನಡೆಯಬಹುದು ಎಂದು ಅಲ್ಲಿನ ಸರ್ಕಾರದ ಇಲಾಖೆ ಹೇಳುತ್ತದೆ. ಮೇಲೆ ಬಿದ್ದ ಹಿಮ ನೆನೆದು ಗಟ್ಟಿಯಾದ ಬಿಳಿ ಗಡ್ಡೆಗೆ ಅದರ ಅರ್ಧ ಶಕ್ತಿ, ಹಾಗಾಗಿ ಅದು ಎರಡರಷ್ಟು ದಪ್ಪ ಇರಬೇಕು. ಇಲ್ಲಿ ಮೇಲಿನ ಮೂರು ಇಂಚು ಬಿಳಿ, ಕೆಳಗಿನ ಏಳು ಗಾಜು. ಆದರೂ ಪೂರ್ತಿ ನಂಬಬಹುದಾದ ಗಡ್ಡೆ ಎಂಬುದಿಲ್ಲ. ಹೊಳೆ ಸೇರುವ ಕಡೆ, ಸೇತುವೆಯ ಅಡಿ, ಜೊಂಡು ಬೆಳೆದ ಕಡೆ ತೆಳ್ಳಗಿರುತ್ತದೆ. ಅದಕ್ಕೇ ಪ್ರತಿಯೊಬ್ಬರ ಕೊರಳಿಗೂ ದಾರದಲ್ಲಿ ಒಂದು ಜೊತೆ ಮೊಳೆಹಿಡಿ. ಬಿದ್ದರೆ ಗಡ್ಡೆಗೆ ಚುಚ್ಚಿಕೊಂಡು ಮೇಲೆ ಬರಲಿಕ್ಕೆ.

ಬಿದ್ದರೆ ಎಂಬ ಮಾತನ್ನು ಅಣ್ಣ ಮುಚ್ಚಿಡದೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಆದರೆ ಅಮ್ಮನಿಗೆ ಧೈರ್ಯ ಬಂದದ್ದು ಅದರಿಂದಲೇ. ಅಪಾಯವೇ ಇಲ್ಲ ಎನ್ನುವವರನ್ನು ಅವಳು ನಂಬುವವಳಲ್ಲ. ಮಳೆಗಾಲದ ಹಳ್ಳ ದಾಟಿಸುವವನು ಇಂಥಲ್ಲಿ ಗುಂಡಿ ಇದೆ ಎಂದು ಹೇಳಿದರೇ ಅವನಿಗೆ ಹಳ್ಳ ಗೊತ್ತು ಎಂದರ್ಥ. ಮೊಳೆಹಿಡಿಯನ್ನು ಕೊರಳಿಗೆ ಹಾಕಿಕೊಂಡು, ಅಣ್ಣನ ತೋಳು ಹಿಡಿದು, ಬೂಟಿಗೆ ಕಟ್ಟಿದ ಮುಳ್ಳುಪಟ್ಟಿ ಕರಕರ ಎನ್ನಿಸುತ್ತ ಅಮ್ಮ ಕೆರೆಯ ಮೇಲೆ ನಡೆದಳು.

*

ಗುಡಾರದ ಒಳಗೆ ಐದು ಮಡಿಸುವ ಕುರ್ಚಿ, ನಾಲ್ಕು ತೂತು, ಒಂದು ಗ್ಯಾಸ್ ಹೀಟರ್. ಹೊಗೆಯಿಲ್ಲದ ವಿಷಗಾಳಿ ತುಂಬಬಾರದೆಂದು ಗುಡಾರದ ಕಿಂಡಿಗಳನ್ನು ಅಣ್ಣ ತೆರೆದೇ ಇಟ್ಟಿದ್ದ. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ, ಆ ಊರಿನ ಜನವರಿಗೆ ಅದು ಸೆಖೆಯ ದಿನವೇ. ಐದು ನಿಮಿಷದಲ್ಲಿ ಅಮ್ಮ ಮಂಕಿ ಟೋಪಿ ತೆಗೆದಳು.

ಕಪ್ಪು ನೀರನ್ನು ಬಗ್ಗಿ ನೋಡುತ್ತ, "ಇಷ್ಟು ಚಳೀಲಿ ಮೀನು ಹೆಂಗೆ ಬದುಕ್ತವೆ?" ಅಂದಳು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೇ ನಿಂತು ಗಡ್ಡೆ ಕಟ್ಟುತ್ತದೆ, 4 ಡಿಗ್ರಿಯದು ತಳದಲ್ಲಿ ಉಳಿಯುತ್ತದೆ, ಮೇಲಿನ ಗಡ್ಡೆ ಅದಕ್ಕೆ ಕಂಬಳಿ. ಇದನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅವತ್ತು ಕಣ್ಣಿಂದ ನೋಡಿದೆ. ಅಮ್ಮ, "ನಮ್ಮ ಬಾವಿ ಇದ್ದಂಗೆ. ಮಾಗಿ ಚಳೀಲಿ ಬೆಳಿಗ್ಗೆ ನೀರು ಸೇದಿದ್ರೆ ಹಬೆ ಬರ್ತದಲ್ಲ," ಅಂದಳು. ಕಾರಣ ಒಂದೇ ಅಲ್ಲ. ಆದರೆ ಹೊರಗಿನ ಚಳಿ ಆಳದ ನೀರನ್ನು ಮುಟ್ಟುವುದಿಲ್ಲ ಎಂಬಷ್ಟು ಮಟ್ಟಿಗೆ ಅವಳು ಹೇಳಿದ್ದು ಸರಿ. ಅಣ್ಣನೂ ನಾನೂ ತಿದ್ದಲಿಲ್ಲ.

ಗಾಳದ ಕೋಲು ಎರಡೂಕಾಲು ಅಡಿ ಉದ್ದ, ಮಕ್ಕಳ ಆಟದ ಸಾಮಾನಿನಂತಿತ್ತು. ಕೂದಲಿಗಿಂತ ಸ್ವಲ್ಪ ದಪ್ಪದ ದಾರ. ತುದಿಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಬಣ್ಣದ ಲೋಹದ ಗುಂಡು, ಅದಕ್ಕೇ ಅಂಟಿದ ಕೊಕ್ಕೆ. ಅಣ್ಣ ಒಂದು ಡಬ್ಬಿ ತೆರೆದ. ಮರದಪುಡಿಯಲ್ಲಿ ಹೊರಳಾಡುವ ಕೆನೆಬಣ್ಣದ ಹುಳುಗಳು. ಅತ್ತಿಗೆ ಮುಖ ತಿರುಗಿಸಿದಳು. ಅಮ್ಮ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಕನ್ನಡಕ ಸರಿ ಮಾಡಿಕೊಂಡಳು.

"ಅಯ್ಯ, ಇದು ನಮ್ಮ ಜೇನುಪೆಟ್ಟಿಗೆ ತಿಂದ ಹುಳ!"

ಹೌದು. ಜೇನಿನ ಹಲ್ಲೆಗಳನ್ನು ಕೊರೆದು ಹಾಳುಮಾಡುವ ಮೇಣದ ಪತಂಗದ ಮರಿ. ಅಪ್ಪ ಇಟ್ಟಿದ್ದ ಐದು ಪೆಟ್ಟಿಗೆಗಳಲ್ಲಿ ಮೂರನ್ನು ಒಂದೇ ಮಳೆಗಾಲದಲ್ಲಿ ಖಾಲಿ ಮಾಡಿದ್ದು ಇದೇ. ಅಲ್ಲಿ ಅದನ್ನೇ ಸಾಕಿ, ಡಬ್ಬಿಗೆ ತುಂಬಿ, ದುಡ್ಡಿಗೆ ಮಾರುತ್ತಾರೆ. "ಅಪ್ಪ ಇದ್ದಿದ್ರೆ ಇದನ್ನ ಕೊಕ್ಕೆಗೆ ಚುಚ್ಚಕ್ಕೆ ಎಷ್ಟು ಖುಷಿ ಪಡ್ತಿದ್ರೋ," ಅಂದ ಅಣ್ಣ. ಅಪ್ಪನ ಹೆಸರನ್ನು ಅವನು ನನ್ನೆದುರು ಅಷ್ಟು ಸಲೀಸಾಗಿ ಎತ್ತಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.

ಮಗಳು ಸೋನಾರ್ ಯಂತ್ರದ ಮುಂದೆ ಕೂತಳು. ದುಂಡಗಿನ ಮುಖದ ಮೇಲೆ ಬಣ್ಣದ ಗೆರೆಗಳು ಮಿನುಗುತ್ತವೆ. ತಳ ಹದಿನಾಲ್ಕು ಅಡಿಯಲ್ಲಿ, ನಮ್ಮ ಗಾಳ ಅದಕ್ಕಿಂತ ಒಂದಡಿ ಮೇಲೆ. ಮೀನು ಅಂಚಿನಲ್ಲಿದ್ದರೆ ಹಸಿರು, ನೇರ ಕೆಳಗೆ ಬಂದರೆ ಕೆಂಪು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮೂರು ವಾರದಿಂದ ಅಜ್ಜಿ ಮೊಮ್ಮಗಳ ನಡುವೆ ಕೂತು ಭಾಷಾಂತರ ಮಾಡುವುದೇ ನನ್ನ ಕೆಲಸವಾಗಿತ್ತು, ಅದೂ ಸಂಬಳವಿಲ್ಲದ್ದು. ಗುಡಾರದಲ್ಲಿ ಅವಳು ನನ್ನನ್ನು ಕಾಯಲಿಲ್ಲ. "ಅಜ್ಜಿ, ಕೆಂಪು! ಕೆಂಪು ಬಂತು! ಮೇಲೆ, ಮೇಲೆ!" ಅಷ್ಟು ಕನ್ನಡ ಆ ಹೊತ್ತಿಗೆ ಸಾಕಾಗಿತ್ತು. ಅಜ್ಜಿ ಕೋಲು ಎತ್ತಿದಳು. ಹುಳು ಮಾಯ, ಮೀನು ಇಲ್ಲ.

ಬ್ಲೂಗಿಲ್ ಕಚ್ಚುವುದಿಲ್ಲ, ಹೀರಿ ಉಗುಳುತ್ತದೆ. ಕೋಲಿನ ತುದಿಗೆ ಕಟ್ಟಿದ ಸಣ್ಣ ಸ್ಪ್ರಿಂಗ್ ತಂತಿ ಕೂದಲೆಳೆಯಷ್ಟು ಬಾಗಿದರೆ ಅದೇ ಸೂಚನೆ. ಕೆಲವೊಮ್ಮೆ ಬಾಗಿದ್ದ ತಂತಿ ನೆಟ್ಟಗಾಗುತ್ತದೆ, ಅಂದರೆ ಮೀನು ಹುಳುವನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೆ ಬರುತ್ತಿದೆ. ಆಗ ಮಣಿಕಟ್ಟನ್ನು ಸ್ವಲ್ಪ ಎತ್ತಬೇಕು. ಅಮ್ಮ ಏಳು ಸಲ ತಪ್ಪಿಸಿಕೊಂಡಳು. ಏಳು ಸಲವೂ ಅಣ್ಣ ಏನೂ ಹೇಳದೆ ಹೊಸ ಹುಳು ಚುಚ್ಚಿಕೊಟ್ಟ. ಮೊದಲ ಮೀನು ಮೊಮ್ಮಗಳದು, ಎರಡನೆಯದು ಅತ್ತಿಗೆಯದು. ಎಂಟನೆಯ ಸಲ ಅಮ್ಮ ಕೋಲು ಎತ್ತಿದಾಗ ಅದು ಬಿಲ್ಲಿನಂತೆ ಬಾಗಿತು. ತೂತಿನ ಕಪ್ಪು ನೀರಿನಿಂದ ಅಂಗೈ ಅಗಲದ, ಎದೆಯ ಬಳಿ ಕಿತ್ತಳೆ ಬಣ್ಣದ ಒಂದು ಬ್ಲೂಗಿಲ್ ಮೇಲೆ ಬಂತು. ಅಮ್ಮ ಕೂಗಲಿಲ್ಲ, ನಗಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು, "ತಣ್ಣಗಿದೆ," ಅಂದಳು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

*

ಆಗ ನಾನು ಗಮನಿಸಿದೆ. ನಾಲ್ಕು ತೂತು, ನಾಲ್ಕು ಗಾಳ. ಐದನೆಯದು ಇರಲೇ ಇಲ್ಲ. ಅಣ್ಣ ಬಂದಾಗಿನಿಂದ ಕುರ್ಚಿಯಲ್ಲಿ ಕೂತೇ ಇರಲಿಲ್ಲ. ತೂತಿನ ಮೇಲೆ ಕಟ್ಟುವ ತೆಳು ಗಡ್ಡೆಯನ್ನು ಜರಡಿ ಸೌಟಿನಿಂದ ತೆಗೆಯುವುದು, ಗಂಟು ಬಿಡಿಸುವುದು, ಥರ್ಮಾಸಿನ ಕಾಫಿ ಬಗ್ಗಿಸುವುದು, ಮಗಳ ಒದ್ದೆ ಗ್ಲೌಸನ್ನು ಹೀಟರಿನ ಮೇಲೆ ಒಣಗಿಸುವುದು, ಇಷ್ಟೇ. ಅವನ ಬೆರಳುಗಳು ಕೆಂಪಗೆ ಬಿರಿದಿದ್ದವು.

"ನೀನು ಹಿಡಿಯಲ್ವಾ?" ಅಂದೆ.

"ಕರ್ಕೊಂಡು ಬಂದವನು ಹಿಡೀಬಾರ್ದು ಪುಟ್ಟಿ." ಆಮೇಲೆ ಜರಡಿ ಸೌಟನ್ನು ನೀರಿನಲ್ಲಿ ಆಡಿಸುತ್ತ ಕೇಳಿದ, "ಹತ್ತುಮೀನಿಗೆ ಹೋದಾಗ ಅಪ್ಪ ಮೀನು ಹಿಡಿದದ್ದು ನೋಡಿದ್ದೀಯಾ ನೀನು?"

ಮಲೆನಾಡಿನವರಿಗೆ ಹತ್ತುಮೀನಿನ ಬಗ್ಗೆ ಹೇಳಬೇಕಿಲ್ಲ. ಬೇರೆಯವರಿಗೆ ಎರಡು ಮಾತು. ಜೂನಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಮೊಟ್ಟೆ ಇಡಲಿಕ್ಕೆ ಹಳ್ಳ, ಕಾಲುವೆ, ಗದ್ದೆಗಳ ಕಡೆ ಪ್ರವಾಹದ ಎದುರಿಗೆ ಹತ್ತಿ ಬರುತ್ತವೆ. ರಾತ್ರಿ ಮನೆಮಂದಿಯೆಲ್ಲ ಬ್ಯಾಟರಿ, ಕತ್ತಿ, ಬಿದಿರಿನ ಕೂಣಿ ಹಿಡಿದು ಗದ್ದೆಗೆ ಇಳಿಯುತ್ತೇವೆ. ನನಗೆ ನೆನಪಿದ್ದದ್ದು ಕಾಲಿಗೆ ತಾಗಿ ಜಾರುವ ಮೀನು, ಕೆಸರು, ಅಣ್ಣನ ಕೂಗಾಟ. ಈಗ ಅವನು ಕೇಳಿದ ಮೇಲೆ ಹುಡುಕಿದೆ. ಆ ಎಲ್ಲ ರಾತ್ರಿಗಳಲ್ಲಿ ಅಪ್ಪ ಎಲ್ಲಿದ್ದರು? ಗದ್ದೆ ಬದುವಿನ ಮೇಲೆ, ಕಂಬಳಿಕೊಪ್ಪೆ ಹಾಕಿಕೊಂಡು, ಗ್ಯಾಸ್‌ಲೈಟನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನಿಂತಿದ್ದರು. ನಾವು ಎತ್ತ ಓಡಿದರೆ ಬೆಳಕು ಅತ್ತ ಬರುತ್ತಿತ್ತು. ಬೆಳಕನ್ನು ಯಾರು ಹಿಡಿದಿದ್ದಾರೆ ಎಂದು ತಿರುಗಿ ನೋಡಿದ ನೆನಪೇ ನನಗಿಲ್ಲ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ನೋಡಿದ್ದ.

"ಕೈ ನೋಯಲ್ವಾ ಅಂತ ಒಂದ್ಸಲ ಕೇಳಿದ್ದೆ," ಅಂದ. "ನೋಯ್ತದೆ, ನೀ ಮೀನು ನೋಡು ಅಂದ್ರು."

ನನ್ನ ಕೈಯಲ್ಲಿದ್ದ ಕೋಲಿನ ತುದಿ ಬಾಗಿತು. ನಾನು ಎತ್ತಲಿಲ್ಲ. ಕೊಟ್ಟಿಗೆಯ ದಿಬ್ಬದ ಮೇಲೆ ಫೋನ್ ಎತ್ತಿ ಹಿಡಿದಿದ್ದ ನನ್ನ ಕೈ ನೆನಪಾಯಿತು. ಅವನಿಗೂ ಅದೇ ನೆನಪಾಗಿರಬೇಕು. ಸ್ವಲ್ಪ ಹೊತ್ತಿನ ಮೇಲೆ, ಅಮ್ಮನಿಗೆ ಕೇಳದ ಹಾಗೆ, "ಅವತ್ತು ನಿನ್ನ ಕೈ ನಡುಗ್ತಾ ಇತ್ತು," ಅಂದ. "ಚಿತ್ರ ಅಲ್ಲಾಡ್ತಾ ಇತ್ತು. ಇಡು ಸಾಕು ಅನ್ನೋಣ ಅಂತ ಬಾಯಿಗೆ ಬಂತು. ಇಟ್ಟುಬಿಟ್ರೆ ನಂಗೆ ಏನೂ ಕಾಣಲ್ವಲ್ಲ. ಅದಕ್ಕೆ ಹೇಳ್ಲಿಲ್ಲ."

ಇದಕ್ಕೆ ಉತ್ತರವಾಗಿ ಹೇಳಲು ನಾಲ್ಕು ವರ್ಷದಿಂದ ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. "ಹುಳ ಹೋಯ್ತು ಕಾಣ್ತದೆ, ಇನ್ನೊಂದು ಚುಚ್ಚು," ಅಂದೆ. ಅವನು ಚುಚ್ಚಿಕೊಟ್ಟ.

*

ಜನವರಿಯಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತದೆ. ಬೆಳಕು ಇಳಿಯುತ್ತಿದ್ದಂತೆ ಬ್ಲೂಗಿಲ್‌ಗಳು ಕಡಿಮೆಯಾಗಿ, ಸೋನಾರಿನಲ್ಲಿ ತಳದಿಂದ ನಾಲ್ಕೈದು ಅಡಿ ಮೇಲೆ ಹೊಸ ಗೆರೆಗಳು ಬಂದವು. ಕ್ರಾಪಿ. ಅವು ಮೇಲಕ್ಕೆ ನೋಡಿ ಬೇಟೆಯಾಡುವ ಮೀನು, ಗಾಳ ಅವುಗಳಿಗಿಂತ ಮೇಲೆಯೇ ಇರಬೇಕು. ತುಟಿ ಕಾಗದದಷ್ಟು ತೆಳು, ಜಗ್ಗಿದರೆ ಹರಿಯುತ್ತದೆ. ಬೆಣ್ಣೆ ತೆಗೆಯುವ ಹಾಗೆ ನಿಧಾನ ಎತ್ತಬೇಕು ಎಂದು ಅಮ್ಮನೇ ಈಗ ಮೊಮ್ಮಗಳಿಗೆ ಪಾಠ ಹೇಳುತ್ತಿದ್ದಳು.

ಆ ಹೊತ್ತಿಗೆ ಕೆರೆ ಗುಡುಗಿತು. ಕಾಲಡಿಯಿಂದ ಶುರುವಾಗಿ ಆಚೆ ದಡದವರೆಗೆ ಓಡಿಹೋದ ಸದ್ದು. ಅಮ್ಮನ ಕೈ ಕೊರಳಿನ ಮೊಳೆಹಿಡಿಗೆ ಹೋಯಿತು. ಚಳಿ ಹೆಚ್ಚು ಕಡಿಮೆಯಾದಾಗ ಗಡ್ಡೆ ಹಿಗ್ಗಿ ಕುಗ್ಗಿ ಹೀಗೆ ಸದ್ದು ಮಾಡುತ್ತದೆ, ಇಷ್ಟು ದಪ್ಪ ಇದ್ದಾಗ ಅದು ಮಾಮೂಲು ಎಂದು ಅಣ್ಣ ಹೇಳಿದ. ಆದರೆ ಅವಳು, "ಸಾಕು ಮಾರಾಯ," ಅಂದಳು. ಅವನು ಇನ್ನೊಂದು ಮಾತಾಡದೆ ಸಾಮಾನು ಕಟ್ಟಲು ಶುರು ಮಾಡಿದ. ಕ್ರಾಪಿಗಳು ಬರುವ ಹೊತ್ತು ಅದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಕೆಟಿನಲ್ಲಿ ಹದಿನಾಲ್ಕು ಮೀನು. ದಿನಕ್ಕೆ ಒಬ್ಬರು ಬ್ಲೂಗಿಲ್ ಜಾತಿಯವು 20, ಕ್ರಾಪಿ 10 ಇಟ್ಟುಕೊಳ್ಳಬಹುದು ಎಂಬುದು ರಾಜ್ಯದ ಸಾಮಾನ್ಯ ಮಿತಿ, ಹಲವು ಕೆರೆಗಳಲ್ಲಿ ಇನ್ನೂ ಕಡಿಮೆ. ನಡುವೆ ಒಂಬತ್ತು ಇಂಚಿನ ಒಂದು ಬ್ಲೂಗಿಲ್ ಸಿಕ್ಕಿದ್ದನ್ನು ಅಣ್ಣ ತೂತಿಗೆ ವಾಪಸ್ ಬಿಟ್ಟಿದ್ದ. ದೊಡ್ಡದನ್ನು ಬಿಟ್ಟು ಸಣ್ಣದನ್ನು ಒಯ್ಯುವ ಬುದ್ಧಿ ಯಾವುದು ಎಂದು ಅಮ್ಮ ಜಗಳಕ್ಕೆ ನಿಂತಳು. ಬ್ಲೂಗಿಲ್‌ನಲ್ಲಿ ಗೂಡು ಮಾಡಿ ಮೊಟ್ಟೆ, ಮರಿ ಕಾಯುವುದು ಗಂಡು. ದೊಡ್ಡ ಗಂಡುಗಳನ್ನೆಲ್ಲ ಹಿಡಿದುಬಿಟ್ಟರೆ ಉಳಿದವು ಬೆಳೆಯುವ ಮೊದಲೇ ಸಂಸಾರಕ್ಕೆ ಬೀಳುತ್ತವೆ, ಕೆರೆ ತುಂಬ ಗಿಡ್ಡ ಮೀನುಗಳೇ ಆಗುತ್ತವೆ. ಅಮ್ಮ ಕಾರು ಹತ್ತುವವರೆಗೆ ಸುಮ್ಮನಿದ್ದಳು. ಆಮೇಲೆ, "ನಾವು ಬಸುರಿ ಮೀನನ್ನೇ ಹಿಡಿದು ತಿಂದ್ವಲ್ಲ," ಅಂದಳು. "ಈಗ ಹತ್ತುಮೀನು ಎಲ್ಲಿ ಬರ್ತಾವೆ ಮೊದಲಿನಂಗೆ."

ಮನೆಯಲ್ಲಿ ಅಣ್ಣ ತೆಳು ಚಾಕುವಿನಿಂದ ಎರಡು ಬದಿಯ ಮಾಂಸ ಮಾತ್ರ ತೆಗೆದು ಉಳಿದದ್ದನ್ನು ಎಸೆಯಲು ಹೊರಟಾಗ ಅಮ್ಮ ಅವನನ್ನು ಸಿಂಕಿನಿಂದ ಎಬ್ಬಿಸಿದಳು. ಮೀನು ಜಾರದಂತೆ ಹಿಡಿಯಲು ಬೂದಿ ಕೇಳಿದಳು. ಒಲೆಯಿಲ್ಲದ ಮನೆಯಲ್ಲಿ ಬೂದಿ ಎಲ್ಲಿಂದ? ಅತ್ತಿಗೆ ಕಲ್ಲುಪ್ಪು ಕೊಟ್ಟಳು. ತಲೆ, ಮೂಳೆ ಸಮೇತ ಮೀನು ಉಜ್ಜಿ, ಸೀಳಿ, ಊರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದ ವಾಟೆಹುಳಿ, ಒಣಮೆಣಸು, ಬೆಳ್ಳುಳ್ಳಿ ಅರೆದು ಹಚ್ಚಿ ಕಾವಲಿಗೆ ಹಾಕಿದಳು. ಹೊಗೆಗೆ ಅಲಾರಂ ಎರಡು ಸಲ ಕೂಗಿತು. ಮೊಮ್ಮಗಳು ಮುಳ್ಳು ಬಿಡಿಸಲು ಅಜ್ಜಿಯ ತಟ್ಟೆಯ ಪಕ್ಕ ಕೂತಳು. ಮುಂದಿನ ಶನಿವಾರ ಹೋಗೋಣವಾ ಎಂದು ಕೇಳಿದ್ದು ಅತ್ತಿಗೆ.

*

ಅಮ್ಮ ಅಲ್ಲಿ ಉಳಿಯಲಿಲ್ಲ. ಮಾರ್ಚಿನಲ್ಲಿ, ಕೆರೆ ಒಡೆಯುವ ಮೊದಲೇ, ನಾವಿಬ್ಬರೂ ವಾಪಸ್ ಬಂದೆವು. ಅದಕ್ಕೂ ಮೊದಲು ಅವಳು ಇನ್ನೂ ಮೂರು ಶನಿವಾರ ಮೀನಿಗೆ ಹೋದಳು, ಪ್ರತಿ ಸಲ ಕೋಲಿನ ಅಳತೆಯನ್ನು ಗೇಣಿನಿಂದ ಪರೀಕ್ಷಿಸಿದ ಮೇಲೆಯೇ. ಹೊರಡುವ ಹಿಂದಿನ ರಾತ್ರಿ ಅಣ್ಣ ನೇರವಾಗಿ ಕೇಳಿದ. ಅವಳು, "ನಡೆದಾಡಕ್ಕೆ ಗಟ್ಟಿ ಇದೆ ಮಾರಾಯ. ಮನೆ ಕಟ್ಟಕ್ಕೆ ಆಗಲ್ಲ," ಅಂದಳು. ಅವನಿಗೆ ಬೇಸರವಾಯಿತು. ನನಗೂ ಆಯಿತು, ಯಾಕೆಂದರೆ ಅವಳು ಅಲ್ಲಿರಲಿ ಎಂದು ನಾನೂ ಒಳಗೊಳಗೇ ಬಯಸಿದ್ದೆ. ಹಳ್ಳಿಮನೆಯಲ್ಲಿ ಅವಳು ಒಬ್ಬಳೇ ಇರುವ ಪ್ರಶ್ನೆ ಹಾಗೇ ಉಳಿಯಿತು. ಈಗ ನಾನು ಎರಡು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಹೋಗಿ ಹದಿನೈದು ದಿನ ಇರುತ್ತೇನೆ. ದಿಬ್ಬದ ಮೇಲೆ ಕೂತು ಕೆಲಸ ಕಳಿಸುತ್ತೇನೆ. ಇದು ಪರಿಹಾರವಲ್ಲ, ಸದ್ಯದ ವ್ಯವಸ್ಥೆ.

ಬರುವ ಜೂನಿಗೆ ಅಣ್ಣ ಹೆಂಡತಿ ಮಗಳನ್ನು ಕರೆದುಕೊಂಡು ಬರುತ್ತಾನೆ, ಟಿಕೆಟ್ ಆಗಿದೆ. ಮಳೆ ಹಿಡಿದರೆ ಗದ್ದೆಗೆ ಇಳಿಯುವುದು ಎಂದು ಮಾತಾಗಿದೆ. ನಾಲ್ಕು ಸಿಕ್ಕರೂ ಸಾಕು, ಹೊಟ್ಟೆ ತುಂಬಿದ್ದನ್ನು ಬಿಟ್ಟುಬಿಡಬೇಕು ಎಂದು ಅಮ್ಮ ಈಗಲೇ ಕಾನೂನು ಮಾಡಿದ್ದಾಳೆ. ಹೋದ ವಾರ ನಾನು ಅಟ್ಟದಿಂದ ಅಪ್ಪನ ಗ್ಯಾಸ್‌ಲೈಟ್ ಇಳಿಸಿದೆ. ಗಾಜು ಸರಿ ಇದೆ, ವಾಷರ್ ಹೋಗಿದೆ, ಮ್ಯಾಂಟಲ್ ಹೊಸದು ಬೇಕು. ಹೊಸನಗರದ ಪೇಟೆಯಲ್ಲಿ ಸಿಗಲಿಲ್ಲ. ಸಾಗರದಲ್ಲಿ ವಿಚಾರಿಸಬೇಕು. ಸಿಗದಿದ್ದರೆ ದೊಡ್ಡ ಬ್ಯಾಟರಿಯಾದರೂ ಸರಿ. ಗದ್ದೆಗೆ ಅವರನ್ನು ಕರೆದುಕೊಂಡು ಹೋಗುವವಳು ನಾನು. ಬದುವಿನ ಮೇಲೆ ನಿಲ್ಲುವವಳೂ ನಾನೇ ಎಂದು ಅಣ್ಣನಿಗೆ ಹೇಳಿದ್ದೇನೆ.